ಘಟ್ಟ ಇಳಿದ ಕ್ರಿಸ್ಮಸ್ ಚೀಲ

ಸಕಲೇಶಪುರದಿಂದ ಮಂಗಳೂರಿಗೆ ಸುಮಾರು 130 ಕಿಲೋಮೀಟರು. ಶಿರಾಡಿ ಘಾಟಿ ಇಳಿದು, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ ದಾಟಿ ಬಸ್ಸು ಬಿ.ಸಿ. ರೋಡಿಗೆ ಬರುವಷ್ಟರಲ್ಲಿ ಮೈಮೇಲಿದ್ದ ಸ್ವೆಟರು ಚೀಲ ಸೇರಿರುತ್ತದೆ. ಸೋದರಿಯರೇ, ಡಿಸೆಂಬರಿನಲ್ಲಿ ಈ ದಾರಿಯಲ್ಲಿ ಬಂದರೆ ನಮ್ಮಂಥ ಸಂಸಾರಗಳು ಬೇಕಾದಷ್ಟು ಸಿಗುತ್ತವೆ. ಕಾಫಿ ತೋಟಗಳಲ್ಲಿ ಕೆಲಸಕ್ಕಿದ್ದು, ಕ್ರಿಸ್ಮಸ್ಸಿಗೆ ಊರಿಗೆ ಹೊರಟ ಕೊಂಕಣಿ ಮಾತಿನ ಕ್ರೈಸ್ತರು ನಾವು. ಎಲ್ಲರ ಕಾಲ ಬಳಿಯೂ ಒಂದೊಂದು ಚೀಲ.

ನಮ್ಮವರು ತೋಟದಲ್ಲಿ ರೈಟರು. 2024ರಲ್ಲಿ ಮಗಳ ಕಾಲೇಜು ಫೀಸು ಕಟ್ಟಿದ ಮೇಲೆ ಉಡುಗೊರೆಗೆಂದು ಉಳಿದದ್ದು ಒಂದು ಸಾವಿರ ರೂಪಾಯಿ. ಅತ್ತೆ ಮನೆಯಲ್ಲಿ ಸೇರುವವರು ಹತ್ತು ಜನ. ದುಬೈಯಿಂದ ಮೈದುನ, ಓರಗಿತ್ತಿ, ಅವರ ಇಬ್ಬರು ಮಕ್ಕಳು ಬರುವವರಿದ್ದರು. ಅವರ ಪೆಟ್ಟಿಗೆ ಬಿಚ್ಚಿದರೆ ಚಾಕೊಲೇಟು, ಸೆಂಟು, ಆಟದ ಕಾರು! ಎದುರಿಗೆ ನಾವೇನು ಇಡೋದು? "ರಜೆ ಸಿಗಲಿಲ್ಲ ಅಂತ ಫೋನು ಮಾಡಿದ್ರಾಯ್ತು" ಅಂದರು ನಮ್ಮವರು. ಎಂಬತ್ತು ದಾಟಿದ ಅತ್ತೆಗೆ ಆ ಸುಳ್ಳು ಹೇಳೋದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಲೆಕ್ಕ ಹಾಕಿದೆ. 2023ರ ಜೂನ್ 11ರಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಗೆ ದುಡ್ಡಿಲ್ಲವಲ್ಲ, ನಾನೂ ಮಗಳೂ ಅದರಲ್ಲೇ ಹೊರಟರೆ ಎರಡು ಟಿಕೇಟಿನ ಹಣ ಉಳಿಯಿತು. (ಮಂಗಳೂರು ಪೇಟೆಯೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು, ಅಲ್ಲಿಗೆ ಚಿಲ್ಲರೆ ಇಟ್ಟುಕೊಳ್ಳಿ.) ಮೂವರು ಗಂಡಸರಿಗೆ ಕಾಲು ಕಾಲು ಕಿಲೋ ಕಾಫಿಪುಡಿ, ಚಿಕೋರಿ ಕಡಿಮೆ ಹಾಕಿ ಬೀಸಿಸಿದ್ದು. ಆ ವರ್ಷ ಕಾಫಿ ಬೆಲೆ ಏರಿತ್ತು ನೋಡಿ, ಅರ್ಧದಷ್ಟು ದುಡ್ಡು ಅಲ್ಲೇ ಖಾಲಿ.

ನಾದಿನಿ ಹೊಸ ಮನೆಗೆ ಹೋಗಿದ್ದಳು. ಅವಳಿಗೆ ಮೀನು ಸಾರಿಗೆ ಒಂದು ಮಣ್ಣಿನ ಮಡಕೆ. ಇಷ್ಟೇನಾ ಅನ್ನಬೇಡಿ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ, ನಮ್ಮವರ ಮಾತಿನಲ್ಲಿ ಮೊಂತಿ ಫೆಸ್ತಿಗೆ, ಊರಿಗೆ ಹೋದಾಗಲೇ ತಂದಿಟ್ಟುಕೊಂಡಿದ್ದೆ. ದಿನಾ ಗಂಜಿ ತಿಳಿ ತುಂಬಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ ಕಾಯಿಸಿ ಮಣ್ಣಿನ ವಾಸನೆ ಹೋಗುವವರೆಗೆ ಪಳಗಿಸಿದೆ. ಹೊಸ ಮಡಕೆ ಯಾರು ಬೇಕಾದರೂ ಕೊಂಡಾರು, ಪಳಗಿದ ಮಡಕೆ ಯಾವ ಅಂಗಡಿಯಲ್ಲಿದೆ ಹೇಳಿ?

ನಾಲ್ಕು ಮಕ್ಕಳಿಗೆ ನಾಲ್ಕು ತೆಂಗಿನ ಚಿಪ್ಪು. ಚಿಪ್ಪಿಗೆ ಮಣ್ಣು ತುಂಬಿ, ಹತ್ತು ದಿನ ಮುಂಚೆ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಗೋದಲಿಯ ಮುಂದೆ ಇಡಲು ಎಳೆ ಹಸಿರು ಸಿದ್ಧ. ಘಾಟಿಯ ತಿರುವುಗಳಲ್ಲಿ ಆ ಚಿಪ್ಪುಗಳನ್ನು ಮಡಿಲಲ್ಲಿ ಹಿಡಿದು ಕೂತ ಮಗಳ ಅವಸ್ಥೆ ಕೇಳಬೇಡಿ!

ಓರಗಿತ್ತಿಗೆ ಏನು ಕೊಡೋದು ಅನ್ನೋದೇ ತಲೆನೋವು. ಅವಳಿಗೆ ಸಿಗದ ವಸ್ತು ಯಾವುದಿದೆ? ಯೋಚಿಸಿದಾಗ ಹೊಳೆಯಿತು: ಅತ್ತೆಯ ಕುಸ್ವಾರ್. ಕ್ರಿಸ್ಮಸ್ ಕಾಲಕ್ಕೆ ನಮ್ಮಲ್ಲಿ ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ಈ ಹೆಸರು. ಕರ್ಜಿಕಾಯಿಯಂಥ ನೆವ್ರಿ, ಅಚ್ಚಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ, ಗೋಲಿಯಷ್ಟು ದೊಡ್ಡ ಗುಳಿಯೊ. ಕಿಡಿಯೊ ಅಂದರೆ ಹುಳುಗಳು ಅಂತಲೇ ಅರ್ಥ. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯಾಗಿ ಹಾಗೇ ಕಾಣುತ್ತದೆ. ಅತ್ತೆಗೆ ಇದೆಲ್ಲ ಬಾಯಿಪಾಠ, ಕಾಗದದ ಮೇಲೆ ಒಂದಕ್ಷರವಿಲ್ಲ. ನವೆಂಬರ್ ಪೂರ್ತಿ ಭಾನುವಾರ ಭಾನುವಾರ ಫೋನಿನಲ್ಲಿ ಅವರು ಹೇಳಿದರು, ಮಗಳು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದಳು. ಮಾತು ಕೊಂಕಣಿ, ಲಿಪಿ ಕನ್ನಡ. "ಒಂದು ಕುಡ್ತೆ" ಅಂದದ್ದನ್ನೆಲ್ಲ ನಾನು ಮನೆಯ ಲೋಟದಲ್ಲಿ ಅಳೆದು ಪಕ್ಕದಲ್ಲಿ ಬರೆಸಿದೆ. ಕೊಕ್ಕಿಸಾಂ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಅಚ್ಚಿನ ಮೇಲಂಚು ದಾಟಬಾರದು, ದಾಟಿದರೆ ಬಿಡಿಸಲು ಬರೋದಿಲ್ಲ ಎಂಬುದೂ ಅದರಲ್ಲಿದೆ.

ಅತ್ತೆಗೆ ವಸ್ತು ಏನೂ ಒಯ್ಯಲಿಲ್ಲ. ನಾನೂ ಮಗಳೂ ನಾಲ್ಕು ದಿನ ಮುಂಚೆಯೇ ಹೋಗಿ, ಕೈ ನಡುಗುವ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅವರು ಹೇಳಿದಂತೆ ಕಿಡಿಯೊ ಸುತ್ತಿದೆವು. ನೆವ್ರಿಯ ಹೂರಣಕ್ಕೆ ಪೇಟೆಯಿಂದ ತಂದದ್ದು ತುಂಡು ಗೋಡಂಬಿ. ಇಡೀ ಬೀಜಕ್ಕಿಂತ ಅಗ್ಗ, ಹೇಗೂ ಜಜ್ಜುವುದೇ ತಾನೆ! ಪೇಟೆಗೆ ಹೋದ ದಿನ ಮಕ್ಕಳನ್ನೂ ಕರೆದುಕೊಂಡು ಹೋಗಿ, ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ, ಲೈಟ್‌ಹೌಸ್ ಗುಡ್ಡದ ಸಂತ ಅಲೋಶಿಯಸ್ ಚಾಪೆಲ್ ತೋರಿಸಿದೆ. ಚಾಪೆಲ್ಲಿನ ಗೋಡೆ, ಮಾಡುಗಳ ಚಿತ್ರಗಳನ್ನು ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೆನಿ ಅವರು 1899ರಿಂದ ಬರೆದದ್ದು. ನೀವು ಹೋದರೆ ಬಿಡಬೇಡಿ.

ಕ್ರಿಸ್ಮಸ್ ದಿನ ನೆರೆಮನೆಗಳಿಗೆಲ್ಲ ಕುಸ್ವಾರ್ ತಟ್ಟೆ ಕೊಟ್ಟು ಬಂದ ಮೇಲೆ ದುಬೈ ಪೆಟ್ಟಿಗೆ ಬಿಚ್ಚಿದರು, ನಮ್ಮ ಚೀಲವೂ ಬಿಚ್ಚಿತು. ಓರಗಿತ್ತಿ ನೋಟುಬುಕ್ಕು ಹಿಡಿದು ಜಗಲಿಯಲ್ಲಿ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. "ಅಕ್ಕಾ, ಮಾಯಿ ಇದನ್ನೆಲ್ಲ ನಿಜವಾಗ್ಲೂ ಹೀಗೇ ಹೇಳಿದ್ರಾ?" ಅಂದಳು. ಹಿಂದಿನ ಖಾಲಿ ಹಾಳೆಗಳನ್ನು ತೋರಿಸಿದೆ. ಸಂಜೆ ಅತ್ತೆಯ ಕುರ್ಚಿ ಪಕ್ಕ ಚಾಪೆ ಹಾಸಿಕೊಂಡು, ಮಗಳ ಕೈಯಿಂದ ಪೆನ್ನು ಇಸಿದುಕೊಂಡು, ಹಂದಿ ಮಾಂಸದ ಮಸಾಲೆಯಿಂದ ಶುರು ಮಾಡಿದಳು.