ಘನತೆಯ ಮಾತುಗಳು

ಒಬ್ಬರು ಗಂಭೀರವಾಗಿ ನಡೆದುಬಂದರೆಂದು ಹೇಳುವಾಗ ಆ ಮಾತಿನಲ್ಲಿ ನೀರು ಅಡಗಿದೆಯೆಂಬುದು ನಮ್ಮ ನೆನಪಿಗೆ ಬರುವುದಿಲ್ಲ. ಗಂಭೀರವೆಂದರೆ ಮೊದಲು ಆಳವಾದದ್ದು, ಮಡುವಿನಂತೆ, ಕಡಲಿನಂತೆ. ಮನುಷ್ಯನ ಹಿರಿಮೆಯನ್ನು ನಮ್ಮವರು ಆಳದಿಂದ ಅಳೆದರು. ಬಿಡುವಿನ ವೇಳೆಯಲ್ಲಿ ವಿಯೆಟ್ನಾಮೀ ನಿಘಂಟೊಂದನ್ನು ತಿರುವಿಹಾಕುತ್ತಿರುವ ನನಗೆ, ಆ ಜನರು ಅದನ್ನೇ ಎತ್ತರದಿಂದ ಅಳೆದಿರುವುದನ್ನು ಕಂಡು ಕುತೂಹಲವಾಯಿತು.

ಸುಮಾರು ಸಾವಿರ ವರ್ಷ ಚೀನೀ ಚಕ್ರವರ್ತಿಗಳ ಆಳಿಕೆಯಲ್ಲಿದ್ದು 10ನೆಯ ಶತಮಾನದಲ್ಲಿ ಸ್ವತಂತ್ರವಾದ ನಾಡು ಅದು. ಆಳಿದವರು ಹೋದರೂ ಅವರ ಆಸ್ಥಾನದ ಮಾತುಗಳು ಅಲ್ಲಿಯೇ ನಿಂತವು. 'ಬೇ' ಎಂದರೆ ಸಿಂಹಾಸನದ ಮೆಟ್ಟಿಲು. ದೊರೆಯನ್ನು 'ಬೇ ಹಾ' ಎಂದು ಸಂಬೋಧಿಸುತ್ತಿದ್ದರು. ಅಕ್ಷರಶಃ 'ಮೆಟ್ಟಿಲ ಕೆಳಗೆ' ಎಂದರ್ಥ. ದೊರೆಯ ಮುಖಕ್ಕೆ ನೇರವಾಗಿ ಮಾತನಾಡುವುದು ಸಲ್ಲದಾದುದರಿಂದ ಮೆಟ್ಟಿಲ ಬುಡದಲ್ಲಿ ನಿಂತವನಿಗೆ ಹೇಳಿದಂತೆ ಹೇಳತಕ್ಕದ್ದು! 'ದುಅಂಗ್' ಎಂದರೆ ಸಭಾಮಂದಿರ. ಇವೆರಡೂ ಕೂಡಿ 'ದುಅಂಗ್ ಬೇ' ಎಂದರೆ ರಾಜಠೀವಿ.

'ವೀ ಙಿ' ಎಂಬುದು ನೋಡಿದವರಲ್ಲಿ ಭಯಭಕ್ತಿಯನ್ನು ಹುಟ್ಟಿಸುವ ನಿಲುವು. ಇದೇ ಮಾತನ್ನು ಬೌದ್ಧ ಭಿಕ್ಷುಗಳು 'ವಾಯ್ ಙಿ' ಎಂದು ಉಚ್ಚರಿಸಿ, ನಡೆಯುವುದು, ನಿಲ್ಲುವುದು, ಕುಳ್ಳಿರುವುದು, ಮಲಗುವುದು ಎಂಬ ನಾಲ್ಕರಲ್ಲಿಯೂ ಇರಬೇಕಾದ ಎಚ್ಚರಕ್ಕೆ ಬಳಸುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಈರ್ಯಾಪಥವೆಂದು ಹೆಸರು. ಜೈನ ಮುನಿಗಳು ಇರುವೆಗೂ ನೋವಾಗದಂತೆ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಹೊಸತಲ್ಲ. ಆದರೆ ಮಲಗುವುದರಲ್ಲಿಯೂ ಘನತೆಯೆ! ಊಟವಾದೊಡನೆ ಜಗಲಿಯ ಮೇಲೆ ಉರುಳಿಕೊಳ್ಳುವ ನಮ್ಮಂಥವರ ಪಾಡೇನು?

ಠೀವಿ ಹೆಚ್ಚಾದರೆ ಜಂಬವಾಗುವುದನ್ನು ಅವರೂ ಕಂಡಿದ್ದಾರೆ. ದೊಡ್ಡ ಮನುಷ್ಯನಂತೆ ಆಸನವನ್ನು ತುಂಬಿ ಕುಳಿತವನನ್ನು 'ಚೇಮ್ ಚೇ' ಎಂದು ಮೆಲ್ಲಗೆ ನಗುತ್ತಾರೆ.

ನನ್ನ ಮನಸ್ಸನ್ನು ಹಿಡಿದ ಮಾತು ಇನ್ನೊಂದು. 'ದುಅಂಗ್ ಹ್ವಾಂಗ್' ಎಂದರೆ ಸಭಾಮಂದಿರದ ಭವ್ಯತೆ. ಜನರ ಬಾಯಲ್ಲಿ ಅದು 'ದಾಂಗ್ ಹ್ವಾಂಗ್' ಎಂಬ ರೂಪವನ್ನೂ ತಾಳಿ, ಸಿಂಹಾಸನವನ್ನು ಬಿಟ್ಟು ಮನೆಯೊಳಕ್ಕೆ ಬಂದಿತು. ಮಕ್ಕಳಿಗೆ ನೆಟ್ಟಗೆ ಬಟ್ಟೆ ತೊಟ್ಟುಕೊಳ್ಳಿರೆಂದು ಹೇಳುವಾಗ ತಾಯಿ ಬಳಸುವುದು ಇದನ್ನೇ. ಶಾಸ್ತ್ರೋಕ್ತವಾಗಿ ನಡೆದ ಮದುವೆಗೂ, ನಂಬತಕ್ಕ ಮನುಷ್ಯನಿಗೂ ಇದೇ ಮಾತು. ನಮ್ಮ 'ಮರ್ಯಾದೆ'ಗೆ ತೀರ ಹತ್ತಿರದ್ದು. 1945ರ ಆಗಸ್ಟ್ 30ರಂದು ಹ್ಯೂ ನಗರದ ಅರಮನೆಯ ಬಾಗಿಲಲ್ಲಿ ಕಡೆಯ ದೊರೆ ಬಾವೋ ದಾಯ್ ಪಟ್ಟವನ್ನು ತ್ಯಜಿಸಿದನು. ಅಲ್ಲಿಗೆ 'ಬೇ ಹಾ' ಎಂದು ಕರೆಯಿಸಿಕೊಳ್ಳಲು ಆ ನಾಡಿನಲ್ಲಿ ಯಾರೂ ಉಳಿಯಲಿಲ್ಲ. ದಾಂಗ್ ಹ್ವಾಂಗ್‌ಗೆ ಮಾತ್ರ ಯಾವ ಕುಂದೂ ಬರಲಿಲ್ಲ.

ಈ ಪದವನ್ನು ಓದಿದಾಗಲೆಲ್ಲ ನನಗೆ ನಮ್ಮಜ್ಜಿಯ ನೆನಪಾಗುತ್ತದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹಪ್ಪಳ ಒತ್ತಿ, ಮುತ್ತುಗದ ಎಲೆ ಹಚ್ಚಿ, ಮೂವರು ಮಕ್ಕಳನ್ನು ಸಾಕಿದ ಹೆಂಗಸು. ಇದ್ದುದು ಎರಡೇ ಸೀರೆ. ಸಾಲ ಕೊಟ್ಟವರು ಬಾಗಿಲಿಗೆ ಬಂದರೆ ಒಳಗೆ ಅಡಗುತ್ತಿರಲಿಲ್ಲ; ಚಾಪೆ ಹಾಸಿ, ಬೆಲ್ಲ ನೀರು ಇಟ್ಟು, "ಸುಗ್ಗಿಯ ತನಕ ತಾಳಿಕೊಳ್ಳಿ" ಎಂದಷ್ಟೇ ಹೇಳುತ್ತಿದ್ದಳು. ಗದರಲು ಬಂದವರು, ಆಕೆ ಕುಳಿತುಕೊಳ್ಳಿರೆಂದು ಹೇಳುವ ತನಕ ನಿಂತಿರುತ್ತಿದ್ದರು. ಆಕೆಯನ್ನು ವೀ ಙಿ ಎಂದು ಯಾರೂ ಬಣ್ಣಿಸಲಾರರು. ದಾಂಗ್ ಹ್ವಾಂಗ್ ಎಂದರೆ ಹ್ಯೂ ನಗರದ ಹೆಂಗಸರು ಒಪ್ಪುವರೆಂದೇ ನನಗೆ ತೋರುತ್ತದೆ.