ಎಂಬತ್ತೇಳರಲ್ಲಿ ಒಂದು ಪಾಲು

ಹಳಿಯ ಮೇಲಿನ ಈ ಕಪ್ಪು ಎಲ್ಲಿಂದ ಬರುತ್ತದೆ? ಬೆಂಗಳೂರಿನ ಗೆಳೆಯನ ಮಹಡಿ ಕೋಣೆ, ಮೇಜಿನ ಮೇಲೆ ಅವನ ಮಾಡೆಲ್ ರೈಲು. ಕಿಟಕಿ ಸದಾ ಮುಚ್ಚಿರುತ್ತದೆ, ಹಳಿಯನ್ನು ಹಿಂದಿನ ದಿನವಷ್ಟೇ ಒರೆಸಿಟ್ಟದ್ದು. ಆದರೂ ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಎಂಜಿನ್ ಮುಗ್ಗರಿಸಿತು, ಹೆಡ್‌ಲೈಟ್ ಒಮ್ಮೆ ಮಿಟುಕಿ ಆರಿತು. ಆತ ಟಿಶ್ಯೂ ಕಾಗದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಹಳಿಗೆ ಅಡ್ಡಲಾಗಿ ಹಾಸಿದ. ಎಂಜಿನ್ನಿನ ಮುಂದಿನ ಗಾಲಿಗಳು ಕಾಗದದ ಮೇಲೆ, ಹಿಂದಿನವು ಬರಿಯ ಹಳಿಯ ಮೇಲೆ. ಎರಡು ಬೆರಳಲ್ಲಿ ಎಂಜಿನ್ ಹಿಡಿದು ಕರೆಂಟ್ ಬಿಟ್ಟ. ಹಿಂದಿನ ಗಾಲಿಗಳಿಂದ ಕರೆಂಟ್ ಸಿಕ್ಕಿ, ಎಲ್ಲ ಗಾಲಿಗಳೂ ಇದ್ದಲ್ಲೇ ಗಿರಗಿರನೆ ತಿರುಗಿದವು. ಕಾಗದ ಎತ್ತಿ ನೋಡಿದರೆ ಕಾಡಿಗೆ ತೀಡಿದ ಹಾಗೆ ಎರಡು ಗೆರೆ.

ಅದು ಬರೀ ಧೂಳಲ್ಲ. ಗಾಲಿ ಹಳಿಗೆ ತಾಗುವ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರುತ್ತಲೇ ಇರುತ್ತವೆ. ಅಲ್ಲಿ ಲೋಹದ ಮೈ ಸುಟ್ಟು ಆಕ್ಸೈಡ್ ಆಗುತ್ತದೆ. ಗೇರಿಗೆ ಬಿಟ್ಟ ಎಣ್ಣೆ, ಗಾಳಿಯ ಧೂಳು, ವ್ಯಾಗನ್ನಿನ ಪ್ಲಾಸ್ಟಿಕ್ ಗಾಲಿ ಸವೆದು ಬಿದ್ದ ಪುಡಿ, ಎಲ್ಲವೂ ಅದರೊಡನೆ ಸೇರಿ ಹಳಿಯ ಮೇಲೆ ತೆಳುವಾದ ಪದರವಾಗಿ ಕೂರುತ್ತದೆ. ಆ ಪದರ ಕರೆಂಟನ್ನು ತಡೆಯುತ್ತದೆ. ಕರೆಂಟ್ ತಡೆದಷ್ಟೂ ಕಿಡಿ ಹೆಚ್ಚು, ಕಿಡಿ ಹೆಚ್ಚಿದಷ್ಟೂ ಕಪ್ಪು ಹೆಚ್ಚು.

ಹಾಗಾದರೆ ನಮ್ಮ ನಿಜವಾದ ರೈಲಿಗೆ ಈ ಕಾಟ ಯಾಕಿಲ್ಲ? ಅಲ್ಲಿ ಕರೆಂಟ್ 25,000 ವೋಲ್ಟಿನಲ್ಲಿ, ತಲೆಯ ಮೇಲಿನ ತಂತಿಯಿಂದ ಬರುತ್ತದೆ, ಹಳಿ ಅದನ್ನು ಹಿಂದಕ್ಕೆ ಒಯ್ಯುವ ದಾರಿ ಮಾತ್ರ. ಒಂದೊಂದು ಅಚ್ಚಿನ ಮೇಲೆ 20 ಟನ್ ಆಸುಪಾಸು ಭಾರ ಕೂತಿರುವಾಗ ಧೂಳಿನ ಕಣ ಪುಡಿಯಾಗಿ ಹೋಗುತ್ತದೆ. ಇಲ್ಲಿ ಬರೀ 12 ವೋಲ್ಟ್. ಅದೂ ಒಂದು ಹಳಿಯಿಂದ ಬಂದು ಇನ್ನೊಂದರಿಂದ ಹೋಗಬೇಕು, ಮತ್ತು ಒಂದು ಗಾಲಿಯ ಪಾಲಿಗೆ ಸಿಗುವ ತೂಕ ಹತ್ತಾರು ಗ್ರಾಂ ಅಷ್ಟೇ. ರೈಲನ್ನು ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ. ಧೂಳಿನ ಕಣವನ್ನು ಯಾರೂ ಇಳಿಸಿಲ್ಲ. ಪುಟ್ಟ ಗಾಲಿಗೆ ಅದು ಹಳಿಯ ಮೇಲೆ ಬಿದ್ದ ಬಂಡೆ.

ಅಂದಿನಿಂದ ನನ್ನ ಈ ಟಿಪ್ಪಣಿ ಪುಸ್ತಕದಲ್ಲಿ ಒಂದೇ ಹುಡುಕಾಟ: ಅಳತೆ ಕುಗ್ಗಿಸಿದಾಗ ಏನೇನು ಕುಗ್ಗದೆ ಉಳಿಯುತ್ತದೆ?

*

ಕಪ್ಪಿಗೆ ಮದ್ದು. ಮರಳು ಕಾಗದ ಹಾಕಿ ಉಜ್ಜಬಾರದು. ಉಜ್ಜಿದ ಪ್ರತಿ ಗೀರೂ ಮುಂದಿನ ಕೊಳೆಗೆ ಮನೆ. ಹಳಿ ಮಾಡುವುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹದಲ್ಲಿ; ಮೃದು, ಬೇಗ ಗೀರು ಬೀಳುತ್ತದೆ. ಹತ್ತಿ ಬಟ್ಟೆ, ಆಲ್ಕೋಹಾಲು, ತಾಳ್ಮೆ ಸಾಕು. ವ್ಯಾಗನ್ನುಗಳ ಪ್ಲಾಸ್ಟಿಕ್ ಗಾಲಿ ತೆಗೆದು ಲೋಹದ್ದು ಹಾಕಿದರೆ ಅರ್ಧ ಕಷ್ಟ ಕಳೆಯುತ್ತದೆ.

ಇನ್ನರ್ಧ ಇರುವುದು ತಂತಿಯಲ್ಲಿ. ಎರಡು ಹಳಿ ತುಂಡುಗಳನ್ನು ಕೂಡಿಸುವ ಪುಟ್ಟ ಫಿಶ್‌ಪ್ಲೇಟ್ ಕರೆಂಟನ್ನೂ ದಾಟಿಸುತ್ತದೆ ಎಂದು ನಂಬಿದವರ ರೈಲು ಮಳೆಗಾಲ ಬಂದೊಡನೆ ನಿಲ್ಲುತ್ತದೆ. ಬಲ್ಲವರು ಪ್ರತಿಯೊಂದು ತುಂಡಿಗೂ ಕೆಳಗಿನಿಂದ ತಂತಿ ತಂದು ಬೆಸುಗೆ ಹಾಕುತ್ತಾರೆ. ಪಾಯಿಂಟಿನಲ್ಲಿ ಹಳಿಗಳು ಅಡ್ಡ ಹಾಯುವ ಮೂಲೆ ಪ್ಲಾಸ್ಟಿಕ್ಕಿನದಾಗಿದ್ದರೆ ಗಿಡ್ಡ ಎಂಜಿನ್ ಅದರ ಮೇಲೆ ಹಸಿದು ನಿಲ್ಲುತ್ತದೆ. ಲೋಹದ್ದಾದರೆ ನಿಲ್ಲದು, ಆದರೆ ಪಾಯಿಂಟ್ ತಿರುಗಿದಂತೆಲ್ಲ ಆ ಮೂಲೆಯ ಧ್ರುವವನ್ನೂ ಒಂದು ಸ್ವಿಚ್ಚು ಬದಲಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕೆಲವರು ಎಂಜಿನ್ನಿನ ಹೊಟ್ಟೆಯಲ್ಲಿ ಕೆಪಾಸಿಟರ್ ಇಡುತ್ತಾರೆ. ಹಳಿ ಕೈಕೊಟ್ಟ ಕ್ಷಣದಲ್ಲಿ ಅದರಲ್ಲಿ ಕೂಡಿಟ್ಟ ಕರೆಂಟು ಎಂಜಿನ್ನನ್ನು ಒಂದೆರಡು ಸೆಕೆಂಡ್ ದಾಟಿಸುತ್ತದೆ.

ಅಮೆರಿಕದ ಎಂಐಟಿಯ ಮಾಡೆಲ್ ರೈಲು ಕ್ಲಬ್ಬಿನಲ್ಲಿ ಎರಡು ಬಣವಿತ್ತಂತೆ. ಬೆಟ್ಟ, ಮನೆ, ಎಂಜಿನ್ ಮಾಡುವವರು ಮೇಜಿನ ಮೇಲೆ. ತಂತಿ, ರಿಲೇ ಜೋಡಿಸುವವರು ಮೇಜಿನ ಕೆಳಗೆ. 1950ರ ದಶಕದ ಕೊನೆಗೆ ಕಂಪ್ಯೂಟರಿಗೆ ಮೊದಲು ಮುಗಿಬಿದ್ದವರಲ್ಲಿ ಆ ಕೆಳಗಿನವರಿದ್ದರು. ಗೆಳೆಯನ ಮೇಜಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆ ನನಗೆ ಇದರಲ್ಲಿ ಆಶ್ಚರ್ಯ ಉಳಿದಿಲ್ಲ.

*

ದಿಕ್ಕಿನ ಒಗಟು. ಹಳೆಯ ಬಗೆಯ ನೇರ ವಿದ್ಯುತ್ತಿನ ಹಳಿಯಲ್ಲಿ ಪೂರ್ವಕ್ಕೆ ಹೋಗುತ್ತಿದ್ದ ಎಂಜಿನ್ನನ್ನು ಎತ್ತಿ, ಹಿಂದುಮುಂದಾಗಿ ತಿರುಗಿಸಿ ಇಟ್ಟೆ. ಪಶ್ಚಿಮಕ್ಕೆ ಹೊರಡುತ್ತದೆ ಅಂದುಕೊಂಡರೆ, ಬೆನ್ನು ಮುಂದು ಮಾಡಿಕೊಂಡು ಮತ್ತೆ ಪೂರ್ವಕ್ಕೇ ಹೊರಟಿತು! ಉತ್ತರ ಸರಳ: ಅದರ ಬಲಗಾಲಿ ಈಗ ಇನ್ನೊಂದು ಹಳಿಯ ಮೇಲಿದೆ, ಹಾಗಾಗಿ ಮೋಟಾರೂ ತಿರುಗುಮುರುಗು. ದಿಕ್ಕು ಹಳಿಯದು, ಎಂಜಿನ್ನಿನದಲ್ಲ. ಡಿಜಿಟಲ್ ಪದ್ಧತಿಯಲ್ಲಿ ಹೀಗಾಗದು. ಅಲ್ಲಿ ಹಳಿಯಲ್ಲಿ ಸದಾ ಕರೆಂಟ್ ಇರುತ್ತದೆ, ಅದರೊಳಗೇ ಸಂಕೇತವೂ ಹರಿಯುತ್ತದೆ. ಪ್ರತಿ ಎಂಜಿನ್ನಿನೊಳಗೆ ಆ ಸಂಕೇತ ಓದುವ ಡಿಕೋಡರಿಗೂ ಒಂದು ಸಂಖ್ಯೆ. ತನ್ನ ಸಂಖ್ಯೆ ಕೇಳಿದಾಗ ಮಾತ್ರ ಅದು ಆಜ್ಞೆ ಪಾಲಿಸುತ್ತದೆ. ‘ಮುಂದೆ’ ಅಂದರೆ ಅದರ ಮೂಗಿನ ಕಡೆ.

*

ತೂಕದ ಲೆಕ್ಕ ನನ್ನನ್ನು ಬಹಳ ಹೊತ್ತು ಕಾಡಿತು. ನಮ್ಮ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ 112.8 ಟನ್. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಇಳಿದರೆ ತೂಕ ಆರೂವರೆ ಲಕ್ಷ ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ಅಂದರೆ ಮಾಡೆಲ್ 171 ಗ್ರಾಂ ಇರಬೇಕು. ಆದರೆ ಮಾಡುವವರು ಜಾಗ ಸಿಕ್ಕಲ್ಲೆಲ್ಲ ಲೋಹ ತುಂಬಿ ಅದರ ಎರಡು ಪಟ್ಟು ತೂಗುವಂತೆ ಮಾಡುತ್ತಾರೆ, ಆಮೇಲೂ ಏರಿನಲ್ಲಿ ಗಾಲಿ ಜಾರುತ್ತದೆ. ಲೆಕ್ಕಕ್ಕಿಂತ ಭಾರವಿದ್ದರೂ ಬಲ ಸಾಲದು ಯಾಕೆ?

ತಪ್ಪು ಎಂಜಿನ್ನಿನದಲ್ಲ, ವ್ಯಾಗನ್ನುಗಳದು. ರೋಲರ್ ಬೇರಿಂಗ್ ಇರುವ ನಿಜವಾದ ವ್ಯಾಗನ್ನನ್ನು ಸಮತಟ್ಟು ಹಳಿಯಲ್ಲಿ ಎಳೆಯಲು ಅದರ ತೂಕದ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಬಲ ಸಾಕು. ಪುಟ್ಟ ವ್ಯಾಗನ್ನಿನ ಅಚ್ಚು ಸೂಜಿಮೊನೆಯಂತೆ ಚೂಪು. ಆ ಮೊನೆ ಪ್ಲಾಸ್ಟಿಕ್ಕಿನ ಪುಟ್ಟ ಗುಳಿಯಲ್ಲಿ ತಿರುಗುತ್ತದೆ. ಗುಳಿಯಲ್ಲಿ ಒಂದು ಎಳೆ ಕೂದಲು ಸಿಕ್ಕಿದರೂ, ಅಂಚಿನಲ್ಲಿ ಪ್ಲಾಸ್ಟಿಕ್ ಚೂರು ಉಳಿದಿದ್ದರೂ ಘರ್ಷಣೆ ಹಲವು ಪಟ್ಟಾಗುತ್ತದೆ. ಗೆಳೆಯ ಪ್ರತಿ ವ್ಯಾಗನ್ನನ್ನೂ ಹಳಿ ಅಂಟಿಸಿದ ಒಂದು ಹಲಗೆಯ ಮೇಲಿಟ್ಟು, ಹಲಗೆಯ ತುದಿಯನ್ನು ನಿಧಾನ ಎತ್ತುತ್ತಾನೆ. ತಾನಾಗಿ ಉರುಳಲು ಶುರುಮಾಡುವ ಎತ್ತರವನ್ನು ಗುರುತು ಹಾಕುತ್ತಾನೆ. ತಡವಾಗಿ ಹೊರಟದ್ದನ್ನು ಬಿಚ್ಚಿ, ಗುಳಿಯನ್ನು ಸ್ವಚ್ಛ ಮಾಡಿ, ಬೇಕಾದರೆ ಹಿತ್ತಾಳೆಯ ಪುಟ್ಟ ಬೇರಿಂಗ್ ಕೂರಿಸುತ್ತಾನೆ. ಈ ಹಲಗೆ ನನಗೆ ಬಹಳ ಇಷ್ಟವಾಯಿತು. ಎಳೆಯುವವನನ್ನು ಬಯ್ಯುವ ಮೊದಲು ಎಳೆಸಿಕೊಳ್ಳುವವರನ್ನು ಪರೀಕ್ಷಿಸುವ ನ್ಯಾಯ ಅದರಲ್ಲಿದೆ.

ಆದರೆ ಅದೇ ಗೆಳೆಯ ಆಮೇಲೆ ವ್ಯಾಗನ್ನಿಗೆ ಸೀಸದ ತುಂಡು ಅಂಟಿಸಿ ತೂಕ ಹೆಚ್ಚಿಸುತ್ತಾನೆ! ಹಗುರವಾದ ವ್ಯಾಗನ್ ತಿರುವಿನಲ್ಲಿ ಒಳಕ್ಕೆ ಎಳೆದುಕೊಂಡು ಹಳಿ ತಪ್ಪುತ್ತದೆ ಎಂಬುದು ಕಾರಣ. ಅಮೆರಿಕದ ರಾಷ್ಟ್ರೀಯ ಮಾಡೆಲ್ ರೈಲು ಸಂಘ 1935ರಲ್ಲಿ ಹುಟ್ಟಿದ್ದು. ಈ ಅಳತೆಗೆ ಅದರ ಸಲಹೆ, ಮೊದಲಿಗೆ ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಕಲ್ಲಿದ್ದಲಿನ ಬಾಕ್ಸ್-ಎನ್ ವ್ಯಾಗನ್ನಿಗೆ ಲೆಕ್ಕ ಹಾಕಿದೆ. ಉದ್ದ 10.7 ಮೀಟರ್, ಮಾಡೆಲಿನಲ್ಲಿ 12 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಸಲಹೆಯ ತೂಕ ಸುಮಾರು 97 ಗ್ರಾಂ. ನಿಜದ ಖಾಲಿ ತೂಕ 22.47 ಟನ್, ಅಂದರೆ 34 ಗ್ರಾಂ, ತುಂಬಿದಾಗ 81.28 ಟನ್, ಅಂದರೆ 123 ಗ್ರಾಂ. ಸಲಹೆ ಇವೆರಡರ ನಡುವೆ ಬಂದು ನಿಂತಿದೆ. ಅನುಭವದಿಂದ ಹುಟ್ಟಿದ ನಿಯಮವೊಂದು ನಿಜದ ಹತ್ತಿರವೇ ಸುಳಿದದ್ದು ನೋಡಿ ಸಂತೋಷವಾಯಿತು.

*

ಕಾಲವೂ ಕುಗ್ಗುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗವನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 32 ಸೆಂಟಿಮೀಟರ್. ಎಂಟು ಅಡಿ ಮೇಜು ಏಳೆಂಟು ಸೆಕೆಂಡಿನಲ್ಲಿ ಮುಗಿಯಿತು. ಮಕ್ಕಳು ಓಡಿಸುವುದು ಇದರ ಮೂರು ನಾಲ್ಕು ಪಟ್ಟು ವೇಗದಲ್ಲಿ. ಪಳಗಿದವರು ಹಾಗಲ್ಲ. ಅವರ ಹೆಮ್ಮೆ ಇರುವುದು ಎಂಜಿನ್ ಎಷ್ಟು ನಿಧಾನವಾಗಿ ತೆವಳುತ್ತದೆ ಎಂಬುದರಲ್ಲಿ. ಸ್ಲೀಪರ್ ಸ್ಲೀಪರ್ ಎಣಿಸಿಕೊಂಡು, ನಿಲ್ಲದೆ, ನಡುಗದೆ.

ನಿಜವಾದ ರೈಲು ಬ್ರೇಕ್ ಹಾಕಿದರೂ ಬಹುದೂರ ಓಡುತ್ತದೆ, ಅಷ್ಟು ಭಾರ ಅದರ ಬೆನ್ನಿಗಿದೆ. ಪುಟ್ಟದಕ್ಕೆ ಕರೆಂಟ್ ಹೋದರೆ ಅಲ್ಲೇ ಗಕ್ಕನೆ ನಿಂತಿತು. ಅದಕ್ಕೇ ಮೋಟಾರಿನ ಅಚ್ಚಿಗೆ ಹಿತ್ತಾಳೆಯ ಫ್ಲೈವೀಲ್ ಕೂರಿಸುತ್ತಾರೆ. ಡಿಕೋಡರಿನಲ್ಲಿ ವೇಗ ಏರುವ, ಇಳಿಯುವ ಗತಿಗೆ ಬೇರೆ ಬೇರೆ ಅಂಕಿ ತುಂಬಿ, ಇಲ್ಲದ ಭಾರವನ್ನು ಇದೆಯೆಂಬಂತೆ ತೋರಿಸುತ್ತಾರೆ. ಇನ್ನೂ ಸೋಜಿಗದ ಸಂಗತಿ: ಡಿಕೋಡರ್ ಕ್ಷಣ ಕ್ಷಣಕ್ಕೂ ಮೋಟಾರಿನ ಕರೆಂಟ್ ನಿಲ್ಲಿಸಿ, ಆ ಕಣ್ಣೆವೆಯ ಹೊತ್ತಿನಲ್ಲಿ ತಿರುಗುವ ಮೋಟಾರು ತಾನೇ ಡೈನಮೋ ಆಗಿ ಹುಟ್ಟಿಸುವ ವೋಲ್ಟೇಜನ್ನು ಅಳೆಯುತ್ತದೆ. ಅದರಿಂದ ವೇಗ ಗೊತ್ತಾಗುತ್ತದೆ. ಏರಿನಲ್ಲಿ ಕುಗ್ಗಿದ್ದರೆ ಅಷ್ಟು ಹೆಚ್ಚು ಕೊಡುತ್ತದೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಲಗೆಯಲ್ಲಿ ಈ ಕೆಲಸ ನಡೆಯುತ್ತದೆ.

*

ತಿರುವು. ನಮ್ಮ ಬ್ರಾಡ್ ಗೇಜಿನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಮೇಜಿಗೆ ಇಳಿಸಿದರೆ ಎರಡು ಮೀಟರ್, ಕೋಣೆ ಸಾಲದು. ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಹಳಿಗಳ ತ್ರಿಜ್ಯ ಹೆಚ್ಚೆಂದರೆ ಅರ್ಧ ಮೀಟರ್ ಆಸುಪಾಸು. 27 ಸೆಂಟಿಮೀಟರ್ ಉದ್ದದ ಎಲ್‌ಎಚ್‌ಬಿ ಬೋಗಿ ಅಲ್ಲಿ ತಿರುಗುವುದನ್ನು ನೋಡುವುದೇ ಸಂಕಟ. ಉದ್ದ ಬೋಗಿ ಬೇಡ, ಗಿಡ್ಡದನ್ನು ಓಡಿಸಿ ಎಂದೇ ನನ್ನ ಅಭಿಪ್ರಾಯ.

*

ಕೊನೆಯ ಒಗಟು ಗೇಜಿನದು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಯುರೋಪಿನ 1435 ಮಿಲಿಮೀಟರ್ ಹಳಿಗೆ 1:87ರಲ್ಲಿ ಇದು ಸರಿಯಾಗಿ ಕೂರುತ್ತದೆ. ಆದರೆ ಬ್ರಿಟನ್ನಿನವರು ಇದೇ ಹಳಿಯ ಮೇಲೆ 1:76ರ ಎಂಜಿನ್ ಓಡಿಸುತ್ತಾರೆ. ಅವರ ನಿಜದ ಎಂಜಿನ್ನುಗಳ ಮೈ ಕಿರಿದು. ಮಾಡೆಲ್‌ಗಳು ಶುರುವಾದ ಕಾಲದ ಮೋಟಾರು ಒಳಗೆ ಹಿಡಿಸಲಿಲ್ಲ. ಮೈಯನ್ನು ಹಿಗ್ಗಿಸಿದರು, ಹಳಿಯನ್ನು ಹಾಗೇ ಬಿಟ್ಟರು. 1938ರಲ್ಲಿ ಹಾರ್ನ್‌ಬಿ ಡಬ್ಲೋ ಮಾಡೆಲ್‌ಗಳು ಬಂದ ಮೇಲೆ ಅದೇ ಗಟ್ಟಿಯಾಯಿತು. ಸರಿಯಾದ ಅಗಲ 18.83 ಮಿಲಿಮೀಟರ್, ಅಷ್ಟೇ ಬೇಕು ಎಂದು ಹಟ ಹಿಡಿದವರು ಹಳಿಯನ್ನು ಕೈಯಾರೆ ಹಾಕಿಕೊಳ್ಳುತ್ತಾರೆ.

ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 1:87ರಲ್ಲಿ 19.3 ಬೇಕು. ಅಂಗಡಿಯಲ್ಲಿ ಸಿಗುವುದು 16.5. ಹಾಗಾಗಿ ಇಲ್ಲಿನ ಮಾಡೆಲ್‌ಗಳು ಕಿರಿದಾದ ಹಳಿಯ ಮೇಲೆ ಓಡುತ್ತವೆ, ಎದುರಿನಿಂದ ನೋಡಿದರೆ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತವೆ. ಆದರೆ ಮೀಟರ್ ಗೇಜಿಗೆ ಬೇಕಾದದ್ದು 11.5 ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆಯಂಥ ಮೀಟರ್ ಗೇಜ್ ಮಾರ್ಗಗಳಿಗಾಗಿ 12 ಮಿಲಿಮೀಟರ್ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಬ್ರಾಡ್ ಗೇಜಿಗೆ ಸಿಗದ ನಿಖರತೆ ಮೀಟರ್ ಗೇಜಿಗೆ ಕೈಗೆಟುಕುವಷ್ಟು ಹತ್ತಿರದಲ್ಲಿದೆ!

ಬೆಂಗಳೂರು–ಮೈಸೂರು ಮೀಟರ್ ಗೇಜ್ ಆಗಿತ್ತು. 1979ರಲ್ಲಿ ಪೂರ್ತಿಯಾದ ಹಾಸನ–ಮಂಗಳೂರು ಮಾರ್ಗವೂ ಅದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಇಳಿಜಾರು. ಇಡೀ ಘಾಟಿಯನ್ನು 1:87ರಲ್ಲಿ ಮಾಡಲು 630 ಮೀಟರ್ ಜಾಗ ಬೇಕು, ಅದು ಆಗದ ಮಾತು. ಒಂದು ಸುರಂಗ, ಒಂದು ಸೇತುವೆ, ಒಂದು ಪುಟ್ಟ ಸ್ಟೇಷನ್ನು ಮೇಜಿನ ಮೇಲೆ ಖಂಡಿತ ಹಿಡಿಸುತ್ತವೆ. ಇಂದು ಆ ಹಳಿ ಬ್ರಾಡ್ ಗೇಜ್. ಮೀಟರ್ ಗೇಜ್ ಕಾಲದ ಪ್ಲಾಟ್‌ಫಾರಂ, ಸಿಗ್ನಲ್ ಕಂಬ, ಗ್ಯಾಂಗ್‌ಮನ್ ಗುಡಿಸಲು ಹೇಗಿದ್ದವು ಎಂದು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಮನೆಯಲ್ಲಿ ಆ ಮಾರ್ಗದಲ್ಲಿ ದುಡಿದವರಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡಿ, ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಡಿ, ಉಳಿದಿರುವ ಹಳೆಯ ಸ್ಟೇಷನ್ ಕಟ್ಟಡಕ್ಕೆ ಟೇಪು ಹಿಡಿದು ಬಾಗಿಲು, ಕಿಟಕಿ, ಮಾಡಿನ ಅಳತೆ ತೆಗೆಯಿರಿ. ಮಾಡೆಲ್ ಮಾಡುವ ಹುಡುಗ ಹುಡುಗಿಯರಿಗೆ ಬೇಕಾಗಿರುವುದು ಆ ಅಳತೆಗಳೇ.