ತೊರಕೆಗಾಗಿ ತಪಸ್ಸು

ಲಕಮನಹಳ್ಳಿಗೂ ಕಡಲಿಗೂ ಎಲ್ಲಿಯ ನಂಟು ಎನ್ನುವಿರಾ? ಧಾರವಾಡದ ದಕ್ಷಿಣಕ್ಕೆ, ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರು ತಳೆದು, ಅಂಕೋಲೆ-ಗೋಕರ್ಣಗಳ ನಡುವೆ ಸಮುದ್ರವನ್ನು ಸೇರುತ್ತಾಳೆ. ಲಕಮನಹಳ್ಳಿಯ ಗೃಹಸ್ಥರೊಬ್ಬರು ಆಕೆಯ ಬೆನ್ನು ಹತ್ತಿ, ರಜೆ ಬಂದಾಗಲೆಲ್ಲ ಗಾಳ ಹೊತ್ತು ಘಟ್ಟವಿಳಿಯುತ್ತಾರೆ.

ಅವರಿಗೆ ಬೇಕಾದುದು ತೊರಕೆ. ಮೊರದಂತೆ ಚಪ್ಪಟೆಯಾಗಿ ಮರಳಿನಲ್ಲಿ ಹುದುಗಿ ಮಲಗುವ ಈ ಮೀನಿಗೆ ಕಣ್ಣು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕಡೆಗೆ. ತಾನುಣ್ಣುವ ತುತ್ತನ್ನು ತಾನೇ ಕಾಣಲಾರದ ಪ್ರಾಣಿ! ವಾಸನೆಯಿಂದಲೂ, ಬೇಟೆಯ ಮೈಯಿಂದ ಹೊಮ್ಮುವ ಸೂಕ್ಷ್ಮ ವಿದ್ಯುತ್ತಿನಿಂದಲೂ ಅದು ಆಹಾರವನ್ನು ಅರಸುತ್ತದೆ. ಆದುದರಿಂದ ತೇಲುವ ಎರೆ ವ್ಯರ್ಥ. ಬಂಗುಡೆಯ ತುಂಡೋ, ಬೊಂಡಾಸದ ಪಟ್ಟಿಯೋ, ಏಡಿಯೋ ತಳಕ್ಕೆ ಅಂಟಿ ಕುಳಿತಿರಬೇಕು. ಸೀಸದ ಗುಂಡು ದಾರದ ಮೇಲೆ ಸರಿದಾಡುವಂತಿರಲಿ. ಬಿಗಿದು ಕಟ್ಟಿದರೆ ಭಾರವನ್ನರಿತ ಮೀನು ಎರೆಯನ್ನು ಉಗುಳೀತು. ಕೊಕ್ಕೆಯ ಬಳಿಯ ದಾರ ಮಾತ್ರ ದಪ್ಪ ನೈಲಾನಿನದೇ ಆಗಬೇಕು. ಒರಟು ಮೈಗೆ ತಿಕ್ಕಿ ತೆಳುದಾರ ಉಳಿಯದು.

ಮಳೆಗಾಲದ ಅಬ್ಬರ ಅಡಗಿದ ಮೇಲಿನ ಸಂಜೆ, ಭರತವೇರುವ ಹೊತ್ತು ಪ್ರಶಸ್ತ. ಅಳಿವೆಯ ಮರಳದಿಬ್ಬಗಳು ಮುಳುಗುತ್ತಿದ್ದಂತೆ ಏಡಿ ಸಿಗಡಿಗಳನ್ನು ಅರಸಿ ತೊರಕೆ ದಡದತ್ತ ಬರುತ್ತದೆ. ದೊಡ್ಡದು ಸಿಕ್ಕಿತೆಂದರೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಎಳೆಯುವವನಿಗೆ ಗಾಳ ಬಂಡೆಗೆ ಸಿಕ್ಕಿತೆಂಬ ಭ್ರಮೆ.

ಬಾಲದಲ್ಲಿ ಗರಗಸದಂಥ ನಂಜಿನ ಮುಳ್ಳು. ಮೊಸಳೆಗಳೊಡನೆ ಸೆಣಸಿ ಜಗತ್ಪ್ರಸಿದ್ಧನಾದ ಆಸ್ಟ್ರೇಲಿಯದ ಸ್ಟೀವ್ ಇರ್ವಿನ್ 2006ರಲ್ಲಿ ಮಡಿದದ್ದು ಎದೆಗೆ ನಾಟಿದ ಇಂಥ ಮುಳ್ಳಿನಿಂದಲೇ. ನೀರಿನಲ್ಲಿ ಹೆಜ್ಜೆಯೆತ್ತಿ ನಡೆಯದೆ ಕಾಲೆಳೆದು ನಡೆದರೆ ಮಲಗಿದ ತೊರಕೆ ತಾನೇ ಸರಿದುಹೋಗುತ್ತದೆ. ಕಾಲಿಗೆ ಚುಚ್ಚಿದರೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟು ನೋವನ್ನು ತಗ್ಗಿಸಬಹುದು. ವೈದ್ಯರನ್ನು ಕಾಣುವುದಂತೂ ತಪ್ಪದು.

ಒಂದು ಕಾರ್ತಿಕದ ಸಂಜೆ ಗೃಹಸ್ಥರ ಗಾಳಕ್ಕೆ ಮಾರಗಲದ ತೊರಕೆ ಬಿತ್ತು. ಬಹು ದಿನದ ತಪಸ್ಸು ಫಲಿಸಿತ್ತು. ಆದರೆ ಅದರ ಒಡಲು ಉಬ್ಬಿತ್ತು. ಬಂಗುಡೆಯಂತೆ ಲಕ್ಷಗಟ್ಟಲೆ ಮೊಟ್ಟೆಯಿಡುವ ಜಾತಿಯಲ್ಲ ಇದು. ತಿಂಗಳುಗಟ್ಟಲೆ ಹೊತ್ತು ಹೆರುವುದು ಕೆಲವೇ ಮರಿಗಳನ್ನು. ಗೃಹಸ್ಥರು ಮೀನನ್ನು ಆಳವಿಲ್ಲದ ನೀರಿನಲ್ಲೇ ನಿಲ್ಲಿಸಿ, ಬಾಲದಿಂದ ದೂರವಿದ್ದು, ಉದ್ದ ಇಕ್ಕಳದಿಂದ ಕೊಕ್ಕೆಯನ್ನು ಬಿಡಿಸಿದರು.

ಪಕ್ಕದಲ್ಲಿ ಬಲೆ ಸರಿಪಡಿಸುತ್ತಿದ್ದ ಮುದುಕನಿಗೆ ಇದು ತಡೆಯಲಾರದ ಸಂಗತಿ. “ಪೇಟೆಯಲ್ಲಿ ಇದಕ್ಕೆ ಒಳ್ಳೆ ದುಡ್ಡು ಹುಟ್ಟುತ್ತಿತ್ತಲ್ಲ ರಾಯರೇ!” ಎಂದ. ಹೊಟ್ಟೆಪಾಡಿಗೆ ಹಿಡಿಯುವವನ ಮಾತು. ಅದರಲ್ಲಿ ತಪ್ಪೇನೂ ಇರಲಿಲ್ಲ.

“ಬಸುರಿ” ಎಂದರು ರಾಯರು.

ಮುದುಕ ಬಲೆಯತ್ತ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ, “ಭರತ ಇನ್ನೂ ಏರುವುದುಂಟು, ಎರೆ ಹಾಕಿ” ಎಂದ.